ಗೂಡು ಹಂಚಿದ್ದು ಸಾಕು, ಕಾರ್ಯಾದೇಶದಲ್ಲಿ ಹಕ್ಕಿಗೊಂದು ಸಾಲು ಬರೆಯಿರಿ

ಇವರಿಗೆ,
ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ
ಹಾಗೂ ಐದೂ ನಗರ ಪಾಲಿಕೆಗಳ ಆಯುಕ್ತರು

ಮಾನ್ಯರೇ,

ಮಾರ್ಚ್ 20 ಬಂತೆಂದರೆ ವಿಶ್ವ ಗುಬ್ಬಿ ದಿನ. ಊರ ತುಂಬ ಪ್ಲೈವುಡ್ ಗೂಡು, ಮಣ್ಣಿನ ಬಟ್ಟಲು ಹಂಚುವ ಸಂಭ್ರಮ. ಹಂಚುವವರ ಮನಸ್ಸು ಒಳ್ಳೆಯದೇ. ಆದರೆ ಅದೇ ವಾರ, ಅದೇ ಬೀದಿಯಲ್ಲಿ, ಮಳೆಗಾಲದ ಮುನ್ನೆಚ್ಚರಿಕೆ ಎಂದು ಕೊಂಬೆ ಸವರುವ ತಂಡ ಗರಗಸ ಹಿಡಿದು ಮರ ಹತ್ತಿರುತ್ತದೆ. ಆ ಕೊಂಬೆಯ ಪೊಟರೆಯಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆಯ ಮರಿಗಳು ಆಗಷ್ಟೇ ಕಣ್ಣು ಬಿಡುತ್ತಿರುತ್ತವೆ.

ನಾವು ಈ ಪತ್ರದಲ್ಲಿ ಹೊಸ ಯೋಜನೆ ಕೇಳುತ್ತಿಲ್ಲ, ಅನುದಾನವನ್ನೂ ಕೇಳುತ್ತಿಲ್ಲ. ಈ ನಗರದಲ್ಲಿ ಹಕ್ಕಿಗೆ ಪೆಟ್ಟು ಬೀಳುವ ಜಾಗಗಳಲ್ಲಿ ಬಹುಪಾಲು ನಾವೇ ಕಟ್ಟಿದವು, ನಾವೇ ಕಡಿದವು, ನಾವೇ ಹೂಳೆತ್ತಿದವು. ಆ ಕೆಲಸಗಳ ಅಂದಾಜುಪಟ್ಟಿ, ಟೆಂಡರ್, ನಕ್ಷೆ ಮಂಜೂರಾತಿ ಎಲ್ಲವೂ ನಿಮ್ಮ ಕಚೇರಿಗಳಿಂದಲೇ ಹೋಗುತ್ತವೆ. ಆ ಕಾಗದಗಳಲ್ಲಿ ಎಲ್ಲೆಲ್ಲಿ ಯಾವ ಸಾಲು ಸೇರಬೇಕು ಎಂದು ಹೇಳುವುದಷ್ಟೇ ನಮ್ಮ ಉದ್ದೇಶ.

ಮೊದಲು ಮರಗಳ ವಿಷಯ, ಏಕೆಂದರೆ ಇದು ಪೂರ್ತಿ ನಿಮ್ಮ ಕೈಯಲ್ಲೇ ಇದೆ. ಬೆಂಗಳೂರಿನಲ್ಲಿ ಹದ್ದುಗಳು ಗೂಡು ಕಟ್ಟುವುದು ಚಳಿಗಾಲದಲ್ಲಿ. ಮರಿ ಹಾರುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ. ಗಿಳಿ, ಹಾಲಕ್ಕಿ, ಕುಟ್ರುಹಕ್ಕಿ, ಚೆಂಬುಕುಟಿಗ ಇವೆಲ್ಲ ಜನವರಿಯಿಂದ ಮೇವರೆಗೆ ಪೊಟರೆಯಲ್ಲಿ ಸಂಸಾರ ಹೂಡುತ್ತವೆ. ಪಿಕಳಾರ, ಸೂರಕ್ಕಿ, ಸಿಂಪಿಗ ಬೇಸಿಗೆಯಲ್ಲಿ ಶುರು ಮಾಡಿ ಮಳೆಗಾಲದೊಳಕ್ಕೂ ಮುಂದುವರಿಸುತ್ತವೆ. ನಮ್ಮ ಸವರುವ ಕೆಲಸದ ಭರಾಟೆ ಮಾರ್ಚ್‌ನಿಂದ ಮೇವರೆಗೆ. ವರ್ಷದಲ್ಲಿ ಇದಕ್ಕಿಂತ ಕೆಟ್ಟ ಮೂರು ತಿಂಗಳನ್ನು ಹುಡುಕಿದರೂ ಸಿಗುವುದಿಲ್ಲ.

ಏಪ್ರಿಲ್ ಗಾಳಿಮಳೆಗೆ ಕೊಂಬೆ ಬಿದ್ದು ಜನ ಸಾಯಬಾರದು, ಒಪ್ಪುತ್ತೇವೆ. ಹಾಗಾಗಿಯೇ ವಾಡಿಕೆಯ ಸವರುವಿಕೆಯನ್ನು ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಮುಗಿಸಿ ಎನ್ನುತ್ತೇವೆ. ಜನವರಿಯಿಂದ ಆಗಸ್ಟ್‌ವರೆಗೆ ನಿಜಕ್ಕೂ ಅಪಾಯದ ಕೊಂಬೆಗಳಿಗೆ ಮಾತ್ರ ಗರಗಸ ತಾಗಲಿ, ಅದೂ ವೃಕ್ಷ ಅಧಿಕಾರಿಯ ಲಿಖಿತ ಟಿಪ್ಪಣಿಯ ಮೇಲೆ. ಒಂದು ವರ್ಷ ಹೊಂದಿಸಿಕೊಂಡರೆ ಮುಂದಿನ ವರ್ಷದಿಂದ ಏಪ್ರಿಲ್‌ನ ಒತ್ತಡವೂ ತಾನಾಗಿ ಇಳಿಯುತ್ತದೆ. ಡಿಸೆಂಬರ್‌ನಲ್ಲೇ ಹಗುರಾದ ಮರ ಏಪ್ರಿಲ್‌ನಲ್ಲಿ ಮುರಿಯುವುದು ಕಡಿಮೆ.

ಗರಗಸ ಚಾಲೂ ಮಾಡುವ ಮುನ್ನ ಹದಿನೈದು ನಿಮಿಷ ಕೆಳಗೆ ನಿಂತು ನೋಡುವುದು ಕಡ್ಡಾಯವಾಗಲಿ. ನೋಡಬೇಕಾದದ್ದು ಇಷ್ಟೇ. ಮರದ ಬುಡದಲ್ಲೋ ಕಾಂಡದ ಮೇಲೋ ಒಂದೇ ಕಡೆ ಬಿಳಿ ಹಿಕ್ಕೆಯ ಗೆರೆ ಇದೆಯೇ? ಕವಲಿನಲ್ಲಿ ಕಡ್ಡಿಯ ಅಟ್ಟಣೆ ಇದೆಯೇ? ಬಾಯಲ್ಲಿ ಹುಳ, ಹಣ್ಣು ಹಿಡಿದ ಹಕ್ಕಿ ಪದೇ ಪದೇ ಒಂದೇ ಜಾಗಕ್ಕೆ ಹೋಗುತ್ತಿದೆಯೇ? ಒಣಗಿದ ಕೊಂಬೆಯ ತಳಭಾಗವನ್ನು ತಪ್ಪದೆ ನೋಡಬೇಕು. ಕುಟ್ರುಹಕ್ಕಿಯ ತೂತು ಸುಮಾರು ಐದು ಸೆಂಟಿಮೀಟರ್ ಅಗಲ, ಕಂಪಾಸಿನಲ್ಲಿ ಎಳೆದಷ್ಟು ಗುಂಡಗೆ. ಮಳೆನೀರು ಒಳಗಿಳಿಯದಂತೆ ಕೊಂಬೆಯ ಅಡಿಗೇ ಕೊರೆದಿರುತ್ತದೆ, ಅದಕ್ಕೇ ಮೇಲೆ ಹತ್ತಿ ನಿಂತವನಿಗೆ ಅದು ಕಾಣುವುದೇ ಇಲ್ಲ.

ಗೂಡು ಸಿಕ್ಕಿತು, ಮುಂದೇನು? ಎಷ್ಟು ದಿನ ಕಾಯಬೇಕು ಎನ್ನುವುದು ಹಕ್ಕಿಯ ಮೇಲೆ ಹೋಗುತ್ತದೆ. ಪಿಕಳಾರ, ಸಿಂಪಿಗಗಳಿಗೆ ಮೊಟ್ಟೆಯಿಂದ ಹಾರುವವರೆಗೆ ನಾಲ್ಕು ವಾರ ಸಾಕು. ಕುಟ್ರುಹಕ್ಕಿಗೆ ಏಳು ವಾರ, ಹಾಲಕ್ಕಿಗೆ ಎರಡು ತಿಂಗಳು, ಹದ್ದಿಗೆ ಮೂರು ತಿಂಗಳಿರಲಿ. ಕಾಯಲು ಆಗದಷ್ಟು ಅಪಾಯವಿದ್ದರೆ ಗೂಡಿನಿಂದ ಆಚೆಗಿನ ಭಾರವನ್ನಷ್ಟೇ ಕತ್ತರಿಸಿ ಮೋಟು ಉಳಿಸಬಹುದು. ಅದೂ ಆಗದಿದ್ದರೆ ಪೊಟರೆಯ ಬಾಯಿಗೆ ಬಟ್ಟೆ ಸಡಿಲವಾಗಿ ತುರುಕಿ, ಮೇಲೆ ಅರ್ಧ ಮೀಟರ್, ಕೆಳಗೆ ಅರ್ಧ ಮೀಟರ್ ಬಿಟ್ಟು ಕೊಯ್ದು, ಹಗ್ಗದಲ್ಲಿ ಇಳಿಸಿ, ಅದೇ ಮರದ ಗಟ್ಟಿ ಕಾಂಡಕ್ಕೆ ಬಾಯಿ ಮೊದಲಿದ್ದ ದಿಕ್ಕಿಗೇ ಬರುವಂತೆ ಬಿಗಿದು ಕಟ್ಟಿ, ಬಟ್ಟೆ ತೆಗೆಯಬೇಕು. ತಾಯ್ತಂದೆ ಸಾಮಾನ್ಯವಾಗಿ ಅಂದೇ ಬರುತ್ತವೆ. ಕತ್ತಲಾದರೂ ಬರದಿದ್ದರೆ ಹಕ್ಕಿಗಳ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ. ಕೊಂಬೆಯನ್ನು ಧೊಪ್ಪೆಂದು ಕೆಡವಿ, ಆಮೇಲೆ ಬದುಕುಳಿದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುವುದು ರಕ್ಷಣೆಯಲ್ಲ.

ಒಣ ಕೊಂಬೆಯ ಬಗ್ಗೆ ಇನ್ನೊಂದು ಮಾತು. ಕುಟ್ರುಹಕ್ಕಿ ಹಸಿ ಗಟ್ಟಿ ಮರ ಕೊರೆಯಲಾರದು. ಒಣಗಿ ಮೆತ್ತಗಾದ ಕೊಂಬೆಯೇ ಅದಕ್ಕೆ ಬೇಕು. ಅದು ಬಿಟ್ಟುಹೋದ ಪೊಟರೆಗೆ ಮರುವರ್ಷ ಗೊರವಂಕವೋ ಮಡಿವಾಳ ಹಕ್ಕಿಯೋ ಬಾಡಿಗೆಗೆ ಬರುತ್ತದೆ. ಪಾದಚಾರಿ ಮಾರ್ಗದ ಮೇಲೆ ಬಾಗಿದ ಒಣ ಕೊಂಬೆ ತೆಗೆಯಿರಿ, ತಕರಾರಿಲ್ಲ. ಆದರೆ ಕೆರೆಯಂಚು, ಸಣ್ಣ ಪಾರ್ಕುಗಳ ಒಳಭಾಗದಲ್ಲಿ, ಯಾರ ತಲೆಯ ಮೇಲೂ ಬೀಳದ ಕಡೆ, ಎರಡು ಮೀಟರ್ ಮೋಟು ಉಳಿದರೆ ಯಾರಿಗೆ ಏನು ನಷ್ಟ? ಅಂಗಡಿಯಿಂದ ತಂದ ನೂರು ಗೂಡಿಗಿಂತ ಅಂಥ ಒಂದು ಮೋಟು ಮೇಲು.

ಹೇಗೂ ಗೂಡಿನ ಮಾತು ಬಂತು. ಗುಬ್ಬಿ ಗೂಡನ್ನು ಕೊಂಡೇ ತೀರುವುದಾದರೆ ಟೆಂಡರಿನಲ್ಲಿ ಅಳತೆಯಾದರೂ ಇರಲಿ: ತೂತು 32 ಮಿಲಿಮೀಟರ್, ತಳ 15ಕ್ಕೆ 15 ಸೆಂಟಿಮೀಟರ್, ತಳದಿಂದ ತೂತಿಗೆ 15 ಸೆಂಟಿಮೀಟರ್, ಹಲಗೆಯ ದಪ್ಪ ಕನಿಷ್ಠ 15 ಮಿಲಿಮೀಟರ್, ತಳದಲ್ಲಿ ನೀರು ಬಸಿಯಲು ನಾಲ್ಕು ಸಣ್ಣ ತೂತು, ವರ್ಷಕ್ಕೊಮ್ಮೆ ತೊಳೆಯಲು ತೆರೆಯುವ ಮುಚ್ಚಳ. ಬಾಗಿಲ ಮುಂದೆ ಕೂರಲು ಕಡ್ಡಿ ಬೇಡ. ಅದು ಗುಬ್ಬಿಗೆ ಬೇಕಿಲ್ಲ, ಕಾಗೆಗೆ ಅನುಕೂಲ. ಈಗ ಹಂಚುವ ಬಹಳಷ್ಟು ಗೂಡುಗಳಲ್ಲಿ ಗೊರವಂಕ ನುಗ್ಗುವಷ್ಟು ದೊಡ್ಡ ತೂತು, ತೆಳು ಪ್ಲೈ, ಮೇಲೆ ಬಣ್ಣ. ಪಡುವಣ ಗೋಡೆಗೆ ಹೊಡೆದರೆ ಮೂರು ಗಂಟೆಯ ಬಿಸಿಲಿಗೆ ಅದು ಒಲೆಯಾಗುತ್ತದೆ. ಇನ್ನು ಗುಬ್ಬಿಮರಿ ಮೊದಲ ದಿನಗಳಲ್ಲಿ ತಿನ್ನುವುದು ಹುಳ, ಅಕ್ಕಿಯಲ್ಲ. ಪೊದೆಗಳನ್ನೆಲ್ಲ ಕಿತ್ತು ಹುಲ್ಲಿನ ಕಾರ್ಪೆಟ್ ಹಾಸಿ ಕೀಟನಾಶಕ ಹೊಡೆದ ಪಾರ್ಕಿನಲ್ಲಿ ಗೂಡು ನೇತುಹಾಕುವುದು ಅಂಗಡಿಯಿಲ್ಲದ ಊರಲ್ಲಿ ಮನೆ ಕೊಟ್ಟ ಹಾಗೆ.

ಈಗ ಗಾಜು. ಇದರ ಬಗ್ಗೆ ನಮ್ಮಲ್ಲಿ ಚರ್ಚೆಯೇ ಆಗಿಲ್ಲ, ಏಕೆಂದರೆ ಗಾಜಿಗೆ ಬಡಿದು ಸತ್ತ ಹಕ್ಕಿಯ ಹೆಣ ಕಾಣುವುದಿಲ್ಲ. ಬೆಳವ ಬಡಿದ ಗಾಜನ್ನು ಓರೆ ಬಿಸಿಲಿನಲ್ಲಿ ನೋಡಿ. ಬಿಡಿಸಿದ ಎರಡೂ ರೆಕ್ಕೆ, ಒಂದೊಂದು ಗರಿಯ ಸಾಲು, ಎದೆಯ ಗುಂಡು, ಪಕ್ಕಕ್ಕೆ ತಿರುಗಿದ ತಲೆ ಎಲ್ಲವೂ ಬೂದು ಪುಡಿಯಲ್ಲಿ ಅಚ್ಚೊತ್ತಿರುತ್ತವೆ. ಪಾರಿವಾಳದ ಕುಲದ ಹಕ್ಕಿಗಳ ಗರಿಯಲ್ಲಿರುವ ನುಣ್ಣನೆಯ ಪುಡಿ ಅದು. ಕೆಳಗೆ ಹಕ್ಕಿ ಇರುವುದಿಲ್ಲ. ಬೆಳಿಗ್ಗೆ ಆರಕ್ಕೇ ಗುಡಿಸುವವರು, ಅವರಿಗೂ ಮುಂಚೆ ಬೆಕ್ಕು, ಕಾಗೆ ಎತ್ತಿಕೊಂಡು ಹೋಗಿರುತ್ತವೆ. ‘ನಮ್ಮ ಕಟ್ಟಡದಲ್ಲಿ ಯಾವ ಹಕ್ಕಿಯೂ ಸತ್ತಿಲ್ಲ’ ಎಂದು ಕಾವಲುಗಾರ ಹೇಳುವುದು ಸುಳ್ಳಲ್ಲ, ಅವನು ನೋಡಿಲ್ಲ ಅಷ್ಟೇ.

ಹಕ್ಕಿಗೆ ಗಾಜು ಗಾಜಾಗಿ ಕಾಣುವುದಿಲ್ಲ. ಎದುರಿನ ಮರ, ಆಕಾಶ ಅದರಲ್ಲಿ ಮೂಡಿದ್ದರೆ ಅದನ್ನೇ ಮರವೆಂದು ನಂಬಿ ಹಾರುತ್ತದೆ. ಮೂಲೆಯ ಎರಡೂ ಬದಿ ಗಾಜಿದ್ದರೆ, ಬಾಲ್ಕನಿಗೆ ಗಾಜಿನ ಕಟಕಟೆ ಇದ್ದರೆ, ಆಚೆಯ ಹಸಿರು ನೇರ ಕಂಡು ದಾರಿ ತೆರೆದಿದೆ ಎಂದುಕೊಳ್ಳುತ್ತದೆ. ಕೆರೆಯ ನೋಟ ಇದೆ ಎಂದು ಮಾರುವ ಅಪಾರ್ಟ್‌ಮೆಂಟುಗಳು ಈ ಎರಡನೆಯ ಬಗೆಯವು. ಅಕ್ಟೋಬರ್, ನವೆಂಬರ್‌ನಲ್ಲಿ ಹಾನಿ ಹೆಚ್ಚು. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಿಂದ ರಾತ್ರಿ ಹಾರಿ ದಕ್ಷಿಣಕ್ಕೆ ಬರುವ ನವರಂಗ ಎಂಬ ಹಕ್ಕಿ ದಣಿದು ಬೆಳಗಿನ ಜಾವ ಈ ಊರಿಗೆ ಇಳಿಯುತ್ತದೆ. ಊರಿನ ದಾರಿ ಅದಕ್ಕೆ ಗೊತ್ತಿಲ್ಲ, ಇಳಿದ ತೋಟದ ಪಕ್ಕದಲ್ಲೇ ಗಾಜಿನ ಗೋಡೆ.

ಪರಿಹಾರ ಕಷ್ಟದ್ದಲ್ಲ, ಆದರೆ ಅರ್ಧಂಬರ್ಧ ಮಾಡಿದರೆ ಏನೂ ಉಪಯೋಗವಿಲ್ಲ. ಗಿಡುಗದ ಆಕಾರದ ಒಂದು ಕಪ್ಪು ಸ್ಟಿಕ್ಕರ್ ಅಂಟಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಅದೇ ಕೆಲಸಕ್ಕೆ ಬಾರದ್ದು. ಹಕ್ಕಿ ಅದಕ್ಕೆ ಹೆದರುವುದಿಲ್ಲ, ಅದನ್ನೊಂದು ಅಡ್ಡಿಯೆಂದು ಬಗೆದು ಒಂದು ಗೇಣು ಪಕ್ಕಕ್ಕೆ ಸರಿದು ಗಾಜಿಗೇ ಬಡಿಯುತ್ತದೆ. ಇಡೀ ಗಾಜಿನ ಮೇಲೆ ಗುರುತು ಹರಡಿರಬೇಕು. ಎರಡು ಗುರುತುಗಳ ನಡುವೆ ಅಡ್ಡಕ್ಕಾಗಲಿ ಉದ್ದಕ್ಕಾಗಲಿ 5 ಸೆಂಟಿಮೀಟರ್ ಮೀರಬಾರದು, ಅಂದರೆ ಮೂರು ಬೆರಳಗಲ. ಚುಕ್ಕಿಯಾದರೆ ಕನಿಷ್ಠ 6 ಮಿಲಿಮೀಟರ್, ಗೆರೆಯಾದರೆ 3 ಮಿಲಿಮೀಟರ್ ದಪ್ಪ. ರಂಗೋಲಿಗೆ ಚುಕ್ಕಿ ಇಡುವ ಊರಿಗೆ ಇದನ್ನು ವಿವರಿಸಬೇಕಿಲ್ಲ. ಗುರುತು ಗಾಜಿನ ಹೊರಮೈಯಲ್ಲೇ ಇರಬೇಕು. ಒಳಗೆ ಅಂಟಿಸಿದ್ದು ಹೊರಗಿನ ಪ್ರತಿಬಿಂಬದಡಿ ಮುಚ್ಚಿಹೋಗುತ್ತದೆ, ಗುತ್ತಿಗೆದಾರರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಕಪ್ಪು ಗಾಜಿಗೆ ಬಿಳಿ ಅಥವಾ ಬೂದು ಚುಕ್ಕಿ ಎದ್ದು ಕಾಣುತ್ತದೆ.

ಈಗಾಗಲೇ ಎದ್ದ ಕಟ್ಟಡಗಳಿಗೆ ಇನ್ನೂ ಅಗ್ಗದ ದಾರಿಯಿದೆ. ಕಿಟಕಿಯ ಮೇಲ್ಚೌಕಟ್ಟಿನಿಂದ ಹೊರಗಡೆ 3 ಮಿಲಿಮೀಟರ್ ದಪ್ಪದ ಹಗ್ಗಗಳನ್ನು 10 ಸೆಂಟಿಮೀಟರಿಗೊಂದರಂತೆ ಇಳಿಬಿಟ್ಟರೆ ಸಾಕು. ಹಗ್ಗದ ಅಂತರ ಹೆಚ್ಚಿದ್ದರೂ ನಡೆಯುವುದು ಅದು ಗಾಜಿಗಿಂತ ಮುಂದೆ ತೂಗಾಡುವುದರಿಂದ. ಇಡೀ ಗೋಪುರಕ್ಕೆ ಮಾಡಬೇಕಿಲ್ಲ. ನೆಲದಿಂದ ಹತ್ತಿರದ ಮರದ ತುದಿಯವರೆಗಿನ ಗಾಜು, ಮೇಲೆ ತಾರಸಿ ತೋಟ ಇದ್ದರೆ ಅದರ ಸುತ್ತಲಿನ ಗಾಜು, ಇಷ್ಟನ್ನು ನೋಡಿಕೊಂಡರೆ ಬಹುಪಾಲು ಬಡಿತ ತಪ್ಪುತ್ತದೆ. ನ್ಯೂಯಾರ್ಕ್ ನಗರ 2020ರ ತನ್ನ 15ನೇ ಸ್ಥಳೀಯ ಕಾನೂನಿನಲ್ಲಿ ಹೊಸ ಕಟ್ಟಡಗಳ ಮೊದಲ 75 ಅಡಿಯ ಹೊರಮೈಯಲ್ಲಿ ಶೇ 90ರಷ್ಟಕ್ಕೆ ಇಂಥ ಸಾಮಗ್ರಿಯನ್ನೇ ಕಡ್ಡಾಯ ಮಾಡಿತು. ನಾವು ಅಷ್ಟನ್ನೂ ಒಮ್ಮೆಗೇ ಕೇಳುವುದಿಲ್ಲ. ಕೆರೆ, ಉದ್ಯಾನಗಳಿಗೆ ಎದುರಾದ ಹೊಸ ಕಟ್ಟಡಗಳ ನಕ್ಷೆ ಮಂಜೂರಾತಿಯಲ್ಲಿ ಮೊದಲ ನಾಲ್ಕು ಅಂತಸ್ತಿಗೆ ಈ ಷರತ್ತು ಬರಲಿ. ಸ್ಕೈವಾಕ್, ಬಸ್ ತಂಗುದಾಣಗಳ ಗಾಜು ನಿಮ್ಮದೇ. ಅಲ್ಲಿಂದ ಶುರು ಮಾಡಿದರೆ ಬಿಲ್ಡರುಗಳಿಗೆ ಹೇಳಲು ನಿಮಗೂ ಬಾಯಿ ಬರುತ್ತದೆ.

ಬಡಿದು ಬಿದ್ದ ಹಕ್ಕಿ ಬದುಕಿದ್ದರೆ: ಗಾಳಿತೂತು ಮಾಡಿದ ರಟ್ಟಿನ ಪೆಟ್ಟಿಗೆ, ತಳದಲ್ಲಿ ಹಳೆ ಬಟ್ಟೆ, ಕತ್ತಲು, ನಿಶ್ಶಬ್ದ, ಎರಡು ಗಂಟೆ. ಬಾಯಿಗೆ ನೀರು ಹುಯ್ಯಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಹಾಲು, ಬ್ರೆಡ್ ಅಂತೂ ಕೇಳಲೇಬೇಡಿ. ಚೇತರಿಸಿಕೊಂಡರೆ ಗಾಜಿನಿಂದ ದೂರ ಒಯ್ದು ಬಿಡಿ. ಇಲ್ಲವಾದರೆ ಆರೈಕೆ ಕೇಂದ್ರ. ಈ ನಾಲ್ಕು ಸಾಲು ಪ್ರತಿ ದೊಡ್ಡ ಕಟ್ಟಡದ ಕಾವಲುಗಾರರ ಕೊಠಡಿಯಲ್ಲಿ ಅಂಟಿಸಿರಲಿ.

ಆಷಾಢದ ಗಾಳಿಗೆ ಗಾಳಿಪಟ ಏರುವ ಊರು ನಮ್ಮದು, ಅದು ನಿಲ್ಲಬೇಕೆಂದು ಯಾರೂ ಹೇಳುತ್ತಿಲ್ಲ. ನೈಲಾನ್ ಮತ್ತಿತರ ಕೃತಕ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಅದು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತಲೇ ಇದೆ. ದಾಳಿ ಮಾಡುವುದಾದರೆ ಹಬ್ಬ ಬಂದ ಮೇಲೆ ಬೇಡ, ಮೇ ತಿಂಗಳಲ್ಲಿ ಸಗಟು ದಾಸ್ತಾನು ಬರುವಾಗ ಮಾಡಿ. ಹತ್ತಿ ದಾರ ಮಳೆಗೆ ಕೊಳೆತು ಉದುರುತ್ತದೆ, ನೈಲಾನ್ ವರ್ಷಗಟ್ಟಲೆ ಮರಗಳ ನಡುವೆ ಬಿಗಿದು ನಿಂತಿರುತ್ತದೆ. ಅದಕ್ಕೇ ಸೆಪ್ಟೆಂಬರ್‌ನಲ್ಲೂ ಹದ್ದು, ಗೂಬೆ, ಬಾವಲಿ ಸಿಕ್ಕಿಬೀಳುವುದು. ದಾರ ತಾಗುವುದು ರೆಕ್ಕೆಯ ಮುಂಚೂಣಿಯಲ್ಲಿ, ಹೆಗಲಿಂದ ಮಣಿಕಟ್ಟಿಗೆ ಚಾಚಿದ ತೆಳು ತೊಗಲಿಗೆ. ಹಕ್ಕಿ ಕೊಸರಾಡಿದಷ್ಟೂ ಅದು ಗರಗಸದಂತೆ ಒಳಗಿಳಿಯುತ್ತದೆ. ಆ ತೊಗಲು, ಅದರಂಚಿನ ಸ್ನಾಯುರಜ್ಜು ಹರಿದರೆ ಹೊಲಿದರೂ ಹಾರಾಟ ಮರಳುವುದು ಅಪರೂಪ.

ಆಷಾಢ ಮುಗಿದ ವಾರ ಒಮ್ಮೆ, ತಿಂಗಳ ನಂತರ ಮತ್ತೊಮ್ಮೆ, ಆಟದ ಮೈದಾನ, ಕೆರೆಯಂಚುಗಳ ಮರಗಳಿಂದ ದಾರ ಬಿಡಿಸುವ ಕೆಲಸ ವಾರ್ಡ್‌ವಾರು ಆಗಬೇಕು. ಎಂಟು ಮೀಟರ್ ಉದ್ದವಾಗುವ, ತುದಿಯಲ್ಲಿ ಕೊಕ್ಕೆ-ಬ್ಲೇಡ್ ಇರುವ ಫೈಬರ್ ಕೋಲು ಸಾಕು. ಲೋಹದ ಕೋಲು ಮಾತ್ರ ಬೇಡ, ವಿದ್ಯುತ್ ತಂತಿ ಪಕ್ಕದಲ್ಲೇ ಇರುತ್ತದೆ. ಹಕ್ಕಿ ಸಿಕ್ಕಿದ್ದರೆ ದಾರ ಎಳೆಯಬಾರದು. ಮೈಯಿಂದ ಒಂದು ಗೇಣು ಬಿಟ್ಟು ಎರಡೂ ಕಡೆ ಕತ್ತರಿಸಿ, ಟವೆಲ್ ಹೊದಿಸಿ, ದಾರ ಸಮೇತವೇ ವೈದ್ಯರಲ್ಲಿಗೆ.

ಕೆರೆಗಳ ಬಗ್ಗೆ ಹೇಳಲು ಹೊರಟರೆ ಬೇರೆಯೇ ಪತ್ರ ಬೇಕು, ಮುಖ್ಯವಾದದ್ದನ್ನು ಹೇಳುತ್ತೇವೆ. ನಮ್ಮ ಪುನಶ್ಚೇತನದ ನಕ್ಷೆಗಳಲ್ಲಿ ಕೆರೆ ಅಂದರೆ ಒಂದು ಬೋಗುಣಿ: ಸುತ್ತ ಕಲ್ಲು ಕಟ್ಟಿದ ಕಡಿದಾದ ದಂಡೆ, ಸಮನಾದ ಆಳ, ನಡುವೆ ಗುಂಡನೆಯ ದ್ವೀಪ, ಸುತ್ತಲೂ ನಡಿಗೆ ಪಥ. ನೀರು ನಿಲ್ಲುತ್ತದೆ, ಹಕ್ಕಿ ನಿಲ್ಲುವುದಿಲ್ಲ. ಗೊರವ, ಉಲ್ಲಂಕಿ, ಮೆಟ್ಟುಗಾಲು ಹಕ್ಕಿಗಳಿಗೆ ಬೇಕಾದದ್ದು ಕಣಕಾಲು ಮುಳುಗದಷ್ಟು ನೀರು, 20 ಸೆಂಟಿಮೀಟರಿಗಿಂತ ಕಡಿಮೆ. ದೇವನಕ್ಕಿ, ನಾಮದ ಕೋಳಿಗೆ ಗೂಡು ಕಟ್ಟಲು ಜೊಂಡು, ತೇಲುವ ಎಲೆ. ದಂಡೆಯ ಮೂರನೇ ಒಂದು ಪಾಲಾದರೂ, ಸಾಮಾನ್ಯವಾಗಿ ನೀರು ಒಳಬರುವ ಬದಿ, ಹತ್ತು ಮೀಟರಿಗೆ ಒಂದು ಮೀಟರ್ ಮಾತ್ರ ಇಳಿಯುವ ಇಳಿಜಾರಾಗಿರಲಿ. ಆ ಬದಿಗೆ ನಡಿಗೆ ಪಥ ಬೇಡ, ದೀಪವೂ ಬೇಡ. ಜಕ್ಕೂರಿನಲ್ಲಿ ಸಂಸ್ಕರಿಸಿದ ನೀರು ಜೊಂಡಿನ ಜವುಗನ್ನು ಹಾದು ಕೆರೆಗೆ ಬರುತ್ತದೆ. ನೀರು ತಿಳಿಯಾಗುವುದಕ್ಕೂ ಹಕ್ಕಿ ಸೇರುವುದಕ್ಕೂ ಅದೇ ಜವುಗು ಕಾರಣ. ಬೇರೆ ಕೆರೆಗಳಲ್ಲಿ ‘ಕಳೆ’ ಎಂಬ ತಲೆಬರಹದಡಿ ಅದನ್ನೇ ಜೆಸಿಬಿಯಲ್ಲಿ ಬಾಚುತ್ತಾರೆ. ಜೊಂಡು ತೆಗೆಯಲೇಬೇಕಾದರೆ ವರ್ಷಕ್ಕೆ ಮೂರನೇ ಒಂದು ಭಾಗದಂತೆ, ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು ತೆಗೆಯಿರಿ.

ಬೇಸಿಗೆಯಲ್ಲಿ ನೀರು ಇಳಿದು ಬಿಸಿಯಾದಾಗ ಕತ್ತು ಎತ್ತಲಾಗದೆ, ಕಾಲು ಸೋತು, ನೀರಿನಲ್ಲೇ ಮುಳುಗುವ ಬಾತು, ಹೆಜ್ಜಾರ್ಲೆಗಳನ್ನು ಕಂಡರೆ ಬೊಟುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಬರುವ ರೋಗ) ಶಂಕಿಸಬೇಕು. ಸತ್ತ ಹಕ್ಕಿಯಲ್ಲಿ ಹುಟ್ಟಿದ ಹುಳು ವಿಷ ಹೊತ್ತಿರುತ್ತದೆ, ಅದನ್ನು ತಿಂದ ಹಕ್ಕಿ ಸಾಯುತ್ತದೆ, ಅದರಲ್ಲಿ ಮತ್ತೆ ಹುಳು. ಹೆಣವನ್ನು ಅಂದಂದೇ ಎತ್ತಿದರೆ ಈ ಸರಪಳಿ ಕಡಿಯುತ್ತದೆ, ವಾರಕ್ಕೊಮ್ಮೆ ಎತ್ತಿದರೆ ಕಡಿಯುವುದಿಲ್ಲ. ಕೈಗವಸು, ಮುಖಗವಸು ಇಲ್ಲದೆ ಮುಟ್ಟಿಸಬೇಡಿ, ಹಕ್ಕಿಜ್ವರ ಅಲ್ಲವೆಂದು ಖಚಿತವಾಗಲು ಪಶುಪಾಲನಾ ಇಲಾಖೆಗೆ ಮಾದರಿ ಹೋಗಲೇಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇವೆ. ಕೆರೆ ಪಥದ ದೀಪಗಳು ಕೆಳಮುಖವಾಗಿ, 3000 ಕೆಲ್ವಿನ್ ಮೀರದ ಹಳದಿ ಬೆಳಕಿನವಾಗಿ, ರಾತ್ರಿ ಹತ್ತರ ನಂತರ ಆರಲಿ. ನೀರಿನ ಮೇಲೆ ಫ್ಲಡ್‌ಲೈಟ್ ಬೇಡವೇ ಬೇಡ. ಟ್ರಾನ್ಸ್‌ಫಾರ್ಮರ್ ಕಂಬದ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಕೂತ ಹದ್ದಿನ ರೆಕ್ಕೆ 11 ಕೆವಿ ತಂತಿಗೆ ತಾಗಿದರೆ ಹಕ್ಕಿಯೂ ಹೋಯಿತು, ಏರಿಯಾದ ಕರೆಂಟೂ ಹೋಯಿತು. ಜಂಪರ್ (ಜೋಡಣೆಯ) ತಂತಿಗಳಿಗೆ, ಅವು ಟ್ರಾನ್ಸ್‌ಫಾರ್ಮರ್‌ಗೆ ಸೇರುವ ಕಡೆಯ ಬುಶಿಂಗ್‌ಗಳಿಗೆ ನಿರೋಧಕ ಕವಚ ತೊಡಿಸಲು ಬೆಸ್ಕಾಂಗೆ ನೀವು ಬರೆಯಬಹುದು, ಅವರಿಗೂ ಲಾಭವೇ. ಪಾಲಿಕೆ ಕಟ್ಟಡಗಳಲ್ಲಿ ಕಟ್ಟಿಸುವ ಪಾರಿವಾಳದ ಬಲೆ ತಮಟೆಯಂತೆ ಬಿಗಿಯಾಗಿರಬೇಕು. ಜೋಲು ಬಿದ್ದ, ಹರಿದ ಬಲೆಯೇ ಸೂರಕ್ಕಿ, ಹಾಲಕ್ಕಿಗಳನ್ನು ಹಿಡಿಯುವುದು. ಇಲಿಗೆ ಇಡುವ ಗಮ್ ಪ್ಯಾಡ್ ಅನ್ನು ನಿಮ್ಮ ಕಚೇರಿ, ಮಾರುಕಟ್ಟೆಗಳಲ್ಲಿ ಇಂದೇ ನಿಲ್ಲಿಸಿ. ಅಂಟಿಕೊಂಡ ಹಕ್ಕಿ ಸಿಕ್ಕರೆ ಕೀಳದೆ, ಎಣ್ಣೆ ಹಾಕದೆ, ಉಳಿದ ಅಂಟಿನ ಮೇಲೆ ಹಿಟ್ಟು ಉದುರಿಸಿ ಪ್ಯಾಡಿನ ಸಮೇತ ಕಳಿಸಬೇಕು.

ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನು ವನ್ಯಜೀವಿ ಸಂರಕ್ಷಣಾ ಅಧಿನಿಯಮ 1972 ‘ಬೇಟೆ’ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಹಾಗಿದ್ದೂ ಸವರುವ ಗುತ್ತಿಗೆಯ ಷರತ್ತುಗಳಲ್ಲಿ ಗೂಡು ಎಂಬ ಪದ ಇರುವುದು ನಮಗೆ ಕಂಡಿಲ್ಲ. ಮುಂದಿನ ಕಾರ್ಯಾದೇಶಕ್ಕೆ ಹಾಗೆಯೇ ನಕಲಿಸಿಕೊಳ್ಳಲು ಅನುಕೂಲವಾಗಲೆಂದು ಕರಡನ್ನು ಇಲ್ಲೇ ಬರೆದಿದ್ದೇವೆ:

“ಗರಗಸ ಬಳಸುವ ಮುನ್ನ ತಂಡದ ಮೇಲ್ವಿಚಾರಕರು ಪ್ರತಿ ಮರವನ್ನು ನೆಲದಿಂದ 15 ನಿಮಿಷ ಪರಿಶೀಲಿಸಿ, ಗೂಡು ಅಥವಾ ಪೊಟರೆ ಇದೆ/ಇಲ್ಲ ಎಂದು ಸಮಯ ಮತ್ತು ಫೋಟೋ ಸಹಿತ ನಮೂದಿಸತಕ್ಕದ್ದು. ಇದೆ ಎಂದಾದರೆ ವೃಕ್ಷ ಅಧಿಕಾರಿಯ ಲಿಖಿತ ಸೂಚನೆ ಬರುವವರೆಗೆ ಆ ಕೊಂಬೆಯನ್ನು ಮುಟ್ಟತಕ್ಕದ್ದಲ್ಲ. ಈ ನಮೂದು ಇಲ್ಲದ ಮರಕ್ಕೆ ಬಿಲ್ ಪಾವತಿ ಇರುವುದಿಲ್ಲ.”

ಕೊನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ.

ಇಂತಿ,
ಬೆಂಗಳೂರಿನ ಹಕ್ಕಿ ಗಣತಿ ಮತ್ತು ಆರೈಕೆಯಲ್ಲಿ ತೊಡಗಿರುವ ನಾಗರಿಕರು